ಹಳೇ ಟೀ ಡಬ್ಬಿ ಮೇಲಿನ ಚಿತ್ರ: ಕಲ್ಲಿಂದ ತಗಡಿಗೆ ಹೇಗೆ ಬಂತು, ಅಸಲಿ ಯಾವ್ದು ಅಂತ ಹೇಗೆ ಗೊತ್ತಾಗುತ್ತೆ

ಹಳೇ ಮನೆ ಖಾಲಿ ಮಾಡೋವಾಗ ಅಟ್ಟದಿಂದ ಇಳಿಸಿದ ಡಬ್ಬಿಗಳ ಫೋಟೋ ಈಗ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಬರ್ತಿರುತ್ತೆ. ಆನೆ ಚಿತ್ರ ಇರೋದು, ಬ್ರಿಟಿಷ್ ರಾಜ ರಾಣಿ ಚಿತ್ರ ಇರೋದು, ಟೀ ಎಲೆ ಕೀಳೋ ಹೆಂಗಸಿನ ಚಿತ್ರ ಇರೋದು, ಕೆಳಗೆ ಒಂದೇ ಪ್ರಶ್ನೆ, "ಇದಕ್ಕೇನಾದ್ರೂ ಬೆಲೆ ಇದೆಯಾ?" ಅಂತ. ಒಬ್ರು ಲಕ್ಷ ಬರುತ್ತೆ ಅಂತಾರೆ, ಇನ್ನೊಬ್ರು ಗುಜರಿಗೆ ಹಾಕಿ ಅಂತಾರೆ, ಅಷ್ಟರಲ್ಲಿ ಮನೇಲಿ ಯಾರೋ ಅದನ್ನ ಸ್ಕ್ರಬ್ಬರ್ ಹಾಕಿ ಉಜ್ಜಿ ತೊಳೆದು ಬಿಸಿಲಿಗಿಟ್ಟಿರ್ತಾರೆ. ಅಲ್ಲಿಗೆ ನೋಡೋ ಅಂಥದ್ದು ಅರ್ಧ ಹೋಯ್ತು. ಆ ಚಿತ್ರ ತಗಡಿನ ಮೇಲೆ ಹೇಗೆ ಬಂತು ಅನ್ನೋದು ಅರ್ಥ ಆದ್ರೆ ಡಬ್ಬಿಯ ವಯಸ್ಸು, ಅಸಲಿಯೋ ನಕಲಿಯೋ, ಹೇಗೆ ಕಾಪಾಡಬೇಕು, ಇವಿಷ್ಟಕ್ಕೂ ಬಹುಪಾಲು ಉತ್ತರ ಡಬ್ಬಿಯಲ್ಲೇ ಸಿಗುತ್ತೆ. ಅದಕ್ಕೇ ಮೊದಲಿಂದ ಹೇಳ್ತೀನಿ.

ಲಿಥೋ ಡಬ್ಬಿ ಅಂದ್ರೆ ಯಾವುದು

ಹಳೇ ಡಬ್ಬಿ ಎಲ್ಲಾ ಲಿಥೋ ಡಬ್ಬಿ ಅಲ್ಲ. ಕೆಲವಕ್ಕೆ ಸುತ್ತ ಪೇಪರ್ ಲೇಬಲ್ ಅಂಟಿಸಿರ್ತಾರೆ, ಅಂಚಲ್ಲಿ ಉಗುರು ಆಡಿಸಿದ್ರೆ ಕಾಗದ ಸಿಗುತ್ತೆ. ಇನ್ನು ಕೆಲವು, ಅದರಲ್ಲೂ ಅಂಗಡಿಯ ಕಪಾಟಲ್ಲಿ ಇಡ್ತಿದ್ದ ದೊಡ್ಡ ಡಬ್ಬಗಳು, ಕಪ್ಪು ಮೆರುಗು ಕೊಟ್ಟು ಮೇಲೆ ಕೈಯಲ್ಲೇ ಚಿನ್ನದ ಬಣ್ಣದ ಬಳ್ಳಿ, ನಂಬರು ಬರೆದಿರೋವು. ಲಿಥೋ ಡಬ್ಬಿ ಅಂದ್ರೆ ಚಿತ್ರ, ಅಕ್ಷರ ಎಲ್ಲಾ ನೇರವಾಗಿ ತಗಡಿನ ಮೇಲೇ ಪ್ರಿಂಟ್ ಆಗಿರೋದು. ಬೆರಳಾಡಿಸಿದ್ರೆ ನುಣ್ಣಗಿರುತ್ತೆ, ಅಂಚು ಸಿಗಲ್ಲ, ಕಿತ್ತು ಬಂದ್ರೆ ಕೆಳಗೆ ಹೊಳೆಯೋ ಲೋಹವೇ ಕಾಣೋದು.

ಆ ತಗಡು ಏನು ಅಂತಲೂ ತಿಳ್ಕೊಂಡಿರಬೇಕು, ಮುಂದೆ ತುಕ್ಕಿನ ವಿಷಯಕ್ಕೆ ಬೇಕಾಗುತ್ತೆ. ಅದು ಕಬ್ಬಿಣದ, ಆಮೇಲಾಮೇಲೆ ಉಕ್ಕಿನ ತೆಳ್ಳನೆ ಹಾಳೆ, ಎರಡೂ ಕಡೆ ತವರದ ಲೇಪ. ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸ್ತಿದ್ರಲ್ಲ, ಅದೇ ತವರ, ಅದೇ ಉದ್ದೇಶ. 19ನೇ ಶತಮಾನದಲ್ಲಿ ಈ ತಗಡಿನ ದೊಡ್ಡ ತವರುಮನೆ ಬ್ರಿಟನ್ನಿನ ಸೌತ್ ವೇಲ್ಸ್, ಸ್ವಾನ್ಸಿ ಮತ್ತೆ ಲಾನೆಲ್ಲಿ ಸುತ್ತಮುತ್ತ.

ಕಲ್ಲು, ಜಿಡ್ಡು, ನೀರು

1796ರ ಸುಮಾರಿಗೆ ಜರ್ಮನಿಯ ಬವೇರಿಯಾದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಅನ್ನೋ ನಾಟಕಕಾರ ತನ್ನ ನಾಟಕಗಳನ್ನ ಕಡಿಮೆ ಖರ್ಚಲ್ಲಿ ಅಚ್ಚು ಹಾಕೋಕೆ ದಾರಿ ಹುಡುಕ್ತಾ ಇದ್ದ. ಆ ಕಡೆ ಸೋಲ್ನ್‌ಹೋಫೆನ್ ಅನ್ನೋ ಊರಲ್ಲಿ ತುಂಬಾ ನಯವಾದ ಸುಣ್ಣದ ಕಲ್ಲು ಸಿಗುತ್ತೆ. ಅದರ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು, ಕಲ್ಲಿಗೆ ನೀರು ಸವರಿ, ಆಮೇಲೆ ಎಣ್ಣೆ ಬೆರೆತ ಇಂಕಿನ ರೋಲರ್ ಓಡಿಸಿದ್ರೆ ಬರೆದ ಕಡೆ ಮಾತ್ರ ಇಂಕು ಹಿಡಿಯುತ್ತೆ, ಮಿಕ್ಕ ಒದ್ದೆ ಜಾಗಕ್ಕೆ ಹಿಡಿಯಲ್ಲ ಅನ್ನೋದು ಅವನು ಕಂಡ್ಕೊಂಡ ವಿಷಯ. ದೋಸೆ ಹಾಕೋಕೆ ಎಣ್ಣೆ ಸವರಿದ ಕೈಮೇಲೆ ನೀರು ಬಿದ್ರೆ ಹೇಗೆ ಮಣಿಮಣಿಯಾಗಿ ಜಾರಿ ಹೋಗುತ್ತೋ ಅದೇ ಇಲ್ಲಿ ನಡೆಯೋದು, ಒಂದನ್ನ ಕಂಡ್ರೆ ಇನ್ನೊಂದು ದೂರ. ಇಲ್ಲಿ ಅಕ್ಷರ ಉಬ್ಬಿರಲ್ಲ, ಕೊರೆದಿರಲ್ಲ, ಕಲ್ಲು ಸಪಾಟಾಗೇ ಇರುತ್ತೆ. ಇದೇ ಲಿಥೋಗ್ರಫಿ, ಚಿಕ್ಕದಾಗಿ ಲಿಥೋ, ಇದನ್ನೇ ನಾವು ಕಲ್ಲಚ್ಚು ಅಂತೀವಿ.

ಬಣ್ಣದ ಚಿತ್ರ ಬೇಕು ಅಂದ್ರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಳದಿಗೊಂದು, ಗುಲಾಬಿಗೊಂದು, ನೀಲಿಗೊಂದು, ಕಂದು ಬಣ್ಣಕ್ಕೊಂದು, ಹೀಗೆ ಹತ್ತು ಹನ್ನೆರಡು ಕಲ್ಲು ಬಳಸಿದ ಚಿತ್ರಗಳೂ ಇವೆ, ಪ್ರತಿ ಸಲ ಹಾಳೆ ಕೂದಲೆಳೆ ಸರಿಯದ ಹಾಗೆ ಅದೇ ಜಾಗದಲ್ಲಿ ಕೂರಬೇಕು, ಇಲ್ಲಾಂದ್ರೆ ತುಟಿಯ ಕೆಂಪು ಗಲ್ಲಕ್ಕೆ ಬಂದಿರುತ್ತೆ. ಕನ್ನಡದ ಮನೆಗಳಿಗೆ ಈ ಕಲೆ ಹೊಸದೇನಲ್ಲ, ದೇವರ ಕೋಣೆಯಲ್ಲಿ ತೂಗುಹಾಕಿದ್ದ ರವಿವರ್ಮನ ಲಕ್ಷ್ಮಿ ಸರಸ್ವತಿ ಪಟ ಬಂದಿದ್ದು ಇದೇ ವಿಧಾನದಲ್ಲಿ. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಪ್ರೆಸ್ ಶುರು ಮಾಡಿದ್ದು ಇಂಥಾ ಕಲ್ಲು, ಮೆಷೀನು, ಜರ್ಮನ್ ಕೆಲಸಗಾರರನ್ನ ಇಟ್ಕೊಂಡೇ. ಹಾಗಾಗಿ ಒಂದು ಹಳೇ ರವಿವರ್ಮ ಪಟ, ಒಂದು ಹಳೇ ಇಂಗ್ಲಿಷ್ ಟೀ ಡಬ್ಬಿ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಬಣ್ಣದ ಆ ಮೃದುತನ ಒಂದೇ ಥರ ಅನ್ಸುತ್ತೆ.

ತಗಡಿನ ಮೇಲೆ ಪ್ರಿಂಟ್ ಮಾಡೋದು ಯಾಕೆ ಕಷ್ಟ ಆಗಿತ್ತು

ಕಾಗದ ಮೆತ್ತಗಿರುತ್ತೆ, ಇಂಕು ಹೀರುತ್ತೆ. ತಗಡು ಎರಡೂ ಮಾಡಲ್ಲ. ಗಟ್ಟಿ ಕಲ್ಲಿನ ಮೇಲೆ ಗಟ್ಟಿ ತಗಡು ಒತ್ತಿದ್ರೆ ಎಲ್ಲಾ ಕಡೆ ಸಮ ಕೂರಲ್ಲ, ಕೆಲವು ಕಡೆ ಇಂಕು ಬೀಳುತ್ತೆ, ಕೆಲವು ಕಡೆ ಬೀಳಲ್ಲ. ಅದಕ್ಕೇ ಮೊದಮೊದಲು ಕಾಗದದ ಮೇಲೆ ಚಿತ್ರ ಮುದ್ರಿಸಿ ಅದನ್ನ ತಗಡಿಗೆ ಅಂಟಿಸಿ ಕಾಗದ ಕಿತ್ತು ತೆಗೆಯೋ ವಿಧಾನ ಇತ್ತು. ನಿಧಾನ, ಖರ್ಚೂ ಜಾಸ್ತಿ.

ಇದನ್ನ ಬಿಡಿಸಿದ್ದು ಲಂಡನ್ನಿನ ಬಾರ್ಕ್ಲೇ ಅಂಡ್ ಫ್ರೈ ಕಂಪನಿಯ ರಾಬರ್ಟ್ ಬಾರ್ಕ್ಲೇ. 1875ರಲ್ಲಿ ಅವನು ತಗೊಂಡ ಪೇಟೆಂಟ್‌ನ ತಿರುಳು ಇಷ್ಟೇ: ಕಲ್ಲಿಗೂ ತಗಡಿಗೂ ಮಧ್ಯೆ ಒಂದು ಮೆತ್ತನೆ ಸಿಲಿಂಡರ್ ಇಡೋದು. ಚಿತ್ರ ಕಲ್ಲಿಂದ ಮೊದಲು ಆ ಸಿಲಿಂಡರ್ ಮೇಲೆ ಬೀಳುತ್ತೆ, ಅಲ್ಲಿಂದ ತಗಡಿಗೆ. ಮೊದಲು ಸಿಲಿಂಡರಿಗೆ ಸುತ್ತಿದ್ದು ವಿಶೇಷವಾಗಿ ಹದ ಮಾಡಿದ ರಟ್ಟು, ಆಮೇಲೆ ರಬ್ಬರ್ ಬಂತು. ಚಿತ್ರ ಎರಡು ಸಲ ತಿರುಗೋದ್ರಿಂದ ಕಲ್ಲಿನ ಮೇಲೆ ಕನ್ನಡಿಯಲ್ಲಿ ಕಂಡಂಗೆ ಉಲ್ಟಾ ಬರೆಯೋ ತಾಪತ್ರಯವೂ ತಪ್ಪಿತು. ಇದೇ ಆಫ್‌ಸೆಟ್. ಕಾಗದಕ್ಕೆ ಈ ವಿಧಾನ ಬಂದಿದ್ದು ಮೂರು ದಶಕ ತಡವಾಗಿ, 1904ರ ಸುಮಾರಿಗೆ ಅಮೆರಿಕದಲ್ಲಿ ಐರಾ ರೂಬೆಲ್ ಕೈಯಲ್ಲಿ. ಈಗ ಬೆಳಿಗ್ಗೆ ಮನೆಗೆ ಬೀಳೋ ಪೇಪರ್ ಆಫ್‌ಸೆಟ್‌ನಲ್ಲೇ ಅಚ್ಚಾಗೋದು, ಆದ್ರೆ ಅದು ಮೊದಲು ಹುಟ್ಟಿದ್ದು ಡಬ್ಬಿಗೋಸ್ಕರ ಅನ್ನೋದು ನನಗೆ ಇವತ್ತಿಗೂ ಬೆರಗು.

ಬಾರ್ಕ್ಲೇ ಹಕ್ಕನ್ನ ಬ್ರಯಂಟ್ ಅಂಡ್ ಮೇ ಅನ್ನೋ ಬೆಂಕಿಪೊಟ್ಟಣದ ಕಂಪನಿ ಕೊಂಡ್ಕೊಂಡ್ತು, ಅವರಿಂದ ಲೈಸೆನ್ಸ್ ಪಡೆದಿದ್ದು ರೆಡಿಂಗ್ ಊರಿನ ಹಂಟ್ಲಿ, ಬೂರ್ನ್ ಅಂಡ್ ಸ್ಟೀವನ್ಸ್, ಅಂದ್ರೆ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತಿಗೆ ಡಬ್ಬಿ ಮಾಡಿಕೊಡ್ತಿದ್ದವರು. 1889ರಲ್ಲಿ ಪೇಟೆಂಟ್ ಅವಧಿ ಮುಗೀತು, ಆಗ ಬ್ರಿಟನ್ನಿನ ಡಬ್ಬಿ ಕಾರ್ಖಾನೆಗಳೆಲ್ಲಾ ಒಟ್ಟಿಗೆ ಇದಕ್ಕೆ ಇಳಿದ್ವು. ಹಾಗಾಗಿ ಈಗ ಕೈಗೆ ಸಿಗೋ ಹಳೇ ಬಣ್ಣದ ಟೀ ಡಬ್ಬಿಗಳಲ್ಲಿ ಹೆಚ್ಚಿನವು 1890ರಿಂದ ಈಚೆಯವು. ಯಾರಾದ್ರೂ "ಇದು 1850ರದ್ದು, ಲಿಥೋ ಪ್ರಿಂಟು" ಅಂದ್ರೆ ಅಲ್ಲೇ ನಿಂತು ಯೋಚ್ನೆ ಮಾಡಿ.

ಫ್ಯಾಕ್ಟರಿಯಲ್ಲಿ ಕೆಲಸ ಹೀಗೆ ನಡೀತಿತ್ತು. ದೊಡ್ಡ ಸಪಾಟು ಹಾಳೆ, ಅದರ ಮೇಲೆ ಒಂದಷ್ಟು ಡಬ್ಬಿಗೆ ಆಗೋ ಚಿತ್ರಗಳು ಒಟ್ಟಿಗೆ. ಮೊದಲು ತಳಕ್ಕೆ ಬಿಳಿ ಬಣ್ಣ, ಆಮೇಲೆ ಒಂದೊಂದೇ ಬಣ್ಣ, ಕೊನೆಗೆ ವಾರ್ನಿಷ್. ತಗಡು ಇಂಕು ಹೀರಲ್ಲ ಅಂದೆನಲ್ಲ, ಅದಕ್ಕೇ ನಡುನಡುವೆ ಹಾಳೆಗಳನ್ನ ಓವನ್‌ನಲ್ಲಿಟ್ಟು ಬಿಸಿಯಲ್ಲಿ ಒಣಗಿಸ್ತಿದ್ರು. ಇಷ್ಟಾದ ಮೇಲೆ ಕತ್ತರಿಸಿ, ಅಚ್ಚಿನಲ್ಲಿ ಒತ್ತಿ ಉಬ್ಬು ಬರಿಸಿ, ಮಡಚಿ, ಬೆಸುಗೆ ಹಾಕಿ ಡಬ್ಬಿ ಮಾಡೋದು. ಪ್ರಿಂಟ್ ಮೊದಲು, ಆಕಾರ ಆಮೇಲೆ ಅನ್ನೋದನ್ನ ನೆನಪಿಟ್ಕೊಳ್ಳಿ. ಉಬ್ಬು ಇರೋ ಮುಚ್ಚಳವನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಆನೆಯ ಸೊಂಡಿಲಿನ ಉಬ್ಬು ಒಂದು ಕಡೆ, ಬಣ್ಣದ ಗೆರೆ ಒಂದು ಚೂರು ಪಕ್ಕಕ್ಕೆ ಸರಿದಿರೋದು ಸಿಗುತ್ತೆ. ಅದು ಅವತ್ತು ಅಚ್ಚಿಗೆ ಹಾಳೆ ಕೊಟ್ಟ ಕೈಯ ಗುರುತು.

ಟೀಗೇ ಯಾಕೆ ಇಷ್ಟು ಚೆಂದದ ಡಬ್ಬಿ

ಇಂಗ್ಲೆಂಡಲ್ಲಿ ಒಂದು ಕಾಲಕ್ಕೆ ಟೀ ಎಷ್ಟು ದುಬಾರಿ ಅಂದ್ರೆ ಬೀಗ ಇರೋ ಮರದ ಪೆಟ್ಟಿಗೆಯಲ್ಲಿಡ್ತಿದ್ರು, ಕೀ ಯಜಮಾನಿ ಹತ್ರ. 1784ರಲ್ಲಿ ತೆರಿಗೆ ಶೇ. 119ರಿಂದ ಶೇ. 12.5ಕ್ಕೆ ಇಳಿದ ಮೇಲೆ ಸಾಮಾನ್ಯ ಜನಕ್ಕೂ ಸಿಗೋ ಹಾಗಾಯ್ತು, ಜೊತೆಗೆ ಕಲಬೆರಕೆಯೂ ಇದ್ದೇ ಇತ್ತು, ಬಳಸಿದ ಎಲೆ ಒಣಗಿಸಿ ಸೇರಿಸೋದು, ಬೇರೆ ಗಿಡದ ಎಲೆ ಬೆರೆಸೋದು, ಬಣ್ಣ ಹಾಕೋದು. ಅಂಗಡಿಯವನು ದೊಡ್ಡ ಡಬ್ಬದಿಂದ ತೆಗೆದು ತೂಗಿ ಪೊಟ್ಟಣ ಕಟ್ಟಿಕೊಟ್ರೆ ಒಳಗೆ ಏನಿದೆ ಅಂತ ಯಾರಿಗೆ ಗೊತ್ತಾಗುತ್ತೆ? 1826ರಲ್ಲಿ ಜಾನ್ ಹಾರ್ನಿಮನ್ ಮುಚ್ಚಿದ ಪ್ಯಾಕೆಟ್ಟಲ್ಲಿ ಟೀ ಮಾರೋಕೆ ಶುರು ಮಾಡಿದ್ದು ಈ ನಂಬಿಕೆಯನ್ನ ಮಾರೋಕೇ.

ಆಮೇಲೆ ಟೀ ಬರೋ ದೇಶ ಬದಲಾಯ್ತು. ಮೊದಲೆಲ್ಲಾ ಚೀನಾ. 1839ರಲ್ಲಿ ಲಂಡನ್ನಿನಲ್ಲಿ ಅಸ್ಸಾಂ ಟೀ ಮೊದಲ ಹರಾಜು. 1867ರಲ್ಲಿ ಸಿಲೋನಿನಲ್ಲಿ, ಅಂದ್ರೆ ಈಗಿನ ಶ್ರೀಲಂಕಾದಲ್ಲಿ, ಜೇಮ್ಸ್ ಟೇಲರ್ ಟೀ ತೋಟ ಹಾಕಿದ, ಎರಡೇ ವರ್ಷಕ್ಕೆ ಅಲ್ಲಿನ ಕಾಫಿಗೆ ಎಲೆ ತುಕ್ಕು ರೋಗ ಬಂದು ತೋಟದವರು ಕ್ರಮೇಣ ಟೀಗೆ ತಿರುಗಿದ್ರು. ನಮ್ಮ ಕೊಡಗು ಚಿಕ್ಕಮಗಳೂರಿನವರಿಗೆ ಆ ರೋಗದ ಬಗ್ಗೆ ಹೇಳಬೇಕಾಗಿಲ್ಲ, 1925ರಲ್ಲಿ ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಗೋಕೂ ಅದೇ ಎಲೆ ರೋಗದ ಕಾಟ ಕಾರಣ. 1888ರ ಹೊತ್ತಿಗೆ ಬ್ರಿಟನ್ನಿಗೆ ಚೀನಾಕ್ಕಿಂತ ಭಾರತದ ಟೀಯೇ ಜಾಸ್ತಿ ಹೋಗ್ತಿತ್ತು.

ಈಗ ಎರಡೂ ವರ್ಷ ಜೋಡಿಸಿ ನೋಡಿ. 1888, 1889. ಹೊಸ ಟೀ ರಾಶಿ ರಾಶಿಯಾಗಿ ಬಂತು, ಅದೇ ಹೊತ್ತಿಗೆ ತಗಡಿನ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕೋಕೆ ಎಲ್ಲರಿಗೂ ದಾರಿ ತೆರೀತು. ತನ್ನ ಟೀಯನ್ನ ಪಕ್ಕದವನ ಟೀಯಿಂದ ಬೇರೆ ಅಂತ ತೋರಿಸೋಕೆ ಡಬ್ಬಿಗಿಂತ ಒಳ್ಳೇ ದಾರಿ ಏನಿತ್ತು? ಗ್ಲಾಸ್ಗೋದಲ್ಲಿ 1871ರಲ್ಲಿ ಅಂಗಡಿ ಇಟ್ಟ ಥಾಮಸ್ ಲಿಪ್ಟನ್ 1890ರಲ್ಲಿ ಸಿಲೋನಿನಲ್ಲಿ ತೋಟಗಳನ್ನೇ ಕೊಂಡ, ತೋಟದಿಂದ ನೇರ ಟೀಪಾಟಿಗೆ ಅಂತ ಜಾಹೀರಾತು ಮಾಡಿದ, ಎಲೆ ಕೀಳೋ ತಮಿಳು ಹೆಂಗಸಿನ ಚಿತ್ರ ಲಿಪ್ಟನ್ ಗುರುತೇ ಆಗೋಯ್ತು. 1887ರಲ್ಲಿ ಬಂದ ಮಜಾವಟ್ಟಿ ಟೀಯವರು ಬೇರೆ ದಾರಿ ಹಿಡಿದ್ರು, ಕನ್ನಡಕ ಹಾಕ್ಕೊಂಡ ಅಜ್ಜಿ, ಪಕ್ಕದಲ್ಲಿ ಅವಳ ಥರಾನೇ ಕನ್ನಡಕ ಹಾಕ್ಕೊಂಡ ಮೊಮ್ಮಗಳು, ಇಬ್ಬರ ಮುಂದೆಯೂ ಟೀ. ಟೀ ಕುಡಿದು ಮುಗಿದ ಮೇಲೂ ಡಬ್ಬಿ ಮನೇಲಿ ಉಳೀತು, ಗುಂಡಿ ಹಾಕೋಕೋ, ದಾರ ಸೂಜಿ ಹಾಕೋಕೋ. ಉಳಿಯಬೇಕು ಅಂತಾನೇ ಅಷ್ಟು ಚೆಂದ ಮಾಡಿದ್ದು.

ಭಾರತಕ್ಕೂ ಈ ಡಬ್ಬಿ ಬಂದಿದ್ದು ಮೊದಲು ದುಡ್ಡಿರೋರ ಮನೆಗೆ, ಕ್ಲಬ್ಬಿಗೆ. 1933ರಲ್ಲಿ ಕಲ್ಕತ್ತಾದಲ್ಲಿ ಮೆಟಲ್ ಬಾಕ್ಸ್ ಕಂಪನಿ ಆಫ್ ಇಂಡಿಯಾ ಶುರುವಾದ ಮೇಲೆ ಇಲ್ಲೇ ಅಚ್ಚು ಹಾಕಿದ ಡಬ್ಬಿಗಳೂ ಬಂದ್ವು. ತಳದ ಅಂಚಲ್ಲಿ ಸಣ್ಣಕ್ಷರದಲ್ಲಿ ಮೆಟಲ್ ಬಾಕ್ಸ್ ಅನ್ನೋ ಹೆಸರು ಸಿಕ್ಕಿದ್ರೆ ಅದು ಡಬ್ಬಿ ಮಾಡಿದವರ ಗುರುತು, ಟೀ ಕಂಪನಿಯದ್ದಲ್ಲ. ಅದರ ತಾಯಿ ಕಂಪನಿ ಬ್ರಿಟನ್ನಿನಲ್ಲಿ 1921ರಲ್ಲಿ ನಾಲ್ಕು ಡಬ್ಬಿ ಕಂಪನಿ ಸೇರಿ ಆಗಿದ್ದು, ಆ ನಾಲ್ಕರಲ್ಲಿ ನಮ್ಮ ಬಾರ್ಕ್ಲೇ ಅಂಡ್ ಫ್ರೈ ಕೂಡ ಒಂದು.

ಭೂತಗನ್ನಡಿ ಹಿಡಿದು ನೋಡಿ

ನಕಲಿ ಅಂದ್ರೆ ಯಾವಾಗಲೂ ಮೋಸ ಮಾಡೋಕೆ ಮಾಡಿದ್ದು ಅಂತೇನಿಲ್ಲ. 1970ರ ದಶಕದಲ್ಲಿ ಹಳೇ ಕಾಲದ ಡಿಸೈನ್ ಡಬ್ಬಿಗಳ ಫ್ಯಾಷನ್ ಬಂತು, ಅಮೆರಿಕದ ಚೈನ್‌ಕೋ ಥರದ ಕಂಪನಿಗಳು ರಾಜಾರೋಷವಾಗಿ ಹಳೇ ಜಾಹೀರಾತಿನ ಚಿತ್ರ ಹಾಕಿ ಅಡುಗೆಮನೆಗೆ ಅಂತ ಮಾಡಿ ಮಾರಿದ್ವು. ಅವಕ್ಕೂ ಈಗ ಐವತ್ತು ವರ್ಷ ಆಗಿದೆ, ತುಕ್ಕು ಹಿಡಿದಿದೆ, ನೆಗ್ಗಿದೆ, ನೋಡಿದ ತಕ್ಷಣ ಪುರಾತನ ಅನ್ಸುತ್ತೆ. ಹಾಗಾಗಿ ತುಕ್ಕು ನೋಡಿ ವಯಸ್ಸು ಹೇಳಕ್ಕಾಗಲ್ಲ. ಮಳೆಗಾಲದಲ್ಲಿ ಮಂಗಳೂರಲ್ಲಿ ಎರಡೇ ವರ್ಷ ಹೊರಗಿಟ್ರೆ ಮೊನ್ನೆ ತಂದ ಡಬ್ಬಿಗೂ ಅಜ್ಜನ ಕಾಲದ ಕಳೆ ಬರುತ್ತೆ.

ಚುಕ್ಕೆ ನೋಡಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಸಣ್ಣ ಭೂತಗನ್ನಡಿ ಸಾಕು. ಚಿತ್ರದಲ್ಲಿ ಯಾರದ್ದಾದ್ರೂ ಮುಖ ಇದ್ರೆ ಗಲ್ಲದ ಹತ್ರ ಹಿಡೀರಿ, ಯಾಕಂದ್ರೆ ಅಲ್ಲಿ ಬಣ್ಣ ನಿಧಾನವಾಗಿ ಗುಲಾಬಿಯಿಂದ ತಿಳಿಯಾಗ್ತಾ ಹೋಗಬೇಕು, ಅದನ್ನ ಹೇಗೆ ಮಾಡಿದ್ದಾರೆ ಅನ್ನೋದು ಅಲ್ಲಿ ಮುಚ್ಚಿಡೋಕಾಗಲ್ಲ. ಹಳೇ ಕಲ್ಲಚ್ಚಿನಲ್ಲಿ ಕಲಾವಿದ ಕಲ್ಲಿನ ಮೇಲೆ ಕೈಯಲ್ಲೇ ಚುಕ್ಕೆ ಇಟ್ಟಿರ್ತಾನೆ, ಒಂದು ದಪ್ಪ, ಒಂದು ಸಣ್ಣ, ಕೆಲವು ಕಡೆ ಒತ್ತೊತ್ತಾಗಿ, ಕಣ್ಣಿನ ಕೆಳಗೆ ವಿರಳವಾಗಿ, ಯಾವ ಸಾಲೂ ನೇರ ಇರಲ್ಲ. ಚುಕ್ಕೆಗಳ ಬಣ್ಣವೂ ಹಲವು ಥರ, ತಿಳಿಗುಲಾಬಿ, ಬೂದು, ಮರಳು ಬಣ್ಣ, ಯಾಕಂದ್ರೆ ಒಂದೊಂದಕ್ಕೂ ಬೇರೆ ಕಲ್ಲಿತ್ತಲ್ಲ. ಹೊಸ ಪ್ರಿಂಟಲ್ಲಿ ಹಾಗಲ್ಲ, ಚುಕ್ಕೆಗಳು ಅಳತೆ ಹಿಡಿದು ಸಾಲಾಗಿ ನಿಂತಿರ್ತವೆ, ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕೇ ಬಣ್ಣ, ಅವು ಸೇರಿ ಸಣ್ಣ ಸಣ್ಣ ಹೂವಿನ ಥರ ವೃತ್ತ ಕಾಣುತ್ತೆ. ಅಂದ್ರೆ ಅದು ಫೋಟೋ ತೆಗೆದು ಮಾಡಿದ ಪ್ರಿಂಟು. ಈ ಹೂವು ಸಿಕ್ಕಿ, ಚಿತ್ರ ಮಾತ್ರ ವಿಕ್ಟೋರಿಯಾ ರಾಣಿ ಕಾಲದ್ದು ಅಂತಿದ್ರೆ, ಚಿತ್ರ ಹಳೇದು ಡಬ್ಬಿ ಹೊಸದು.

ಒಂದು ವಿಷಯದಲ್ಲಿ ಹುಷಾರು, ಫೋಟೋ ವಿಧಾನ ಕಾಗದಕ್ಕೆ ಬಂದು ಎಷ್ಟೋ ವರ್ಷ ಆದ ಮೇಲೂ ಡಬ್ಬಿಗೆ ಹಳೇ ಥರಾನೇ ನಡೀತಿತ್ತು, ಹಾಗಾಗಿ ಕೈಚುಕ್ಕೆ ಇದ್ದ ಮಾತ್ರಕ್ಕೆ ನೂರು ವರ್ಷ ಅಂತ ಹೇಳಕ್ಕಾಗಲ್ಲ. ಅದಕ್ಕೆ ಅಕ್ಷರ ಓದಬೇಕು.

ಅಕ್ಷರದಲ್ಲಿ ಸಿಗೋ ಕಾಲ

ಡಬ್ಬಿ ಮೇಲೆ ದೊಡ್ಡದಾಗಿ "ಸ್ಥಾಪನೆ 1836" ಅಂತಿದ್ರೆ ಅದು ಕಂಪನಿ ಹುಟ್ಟಿದ ವರ್ಷ, ಡಬ್ಬಿಯದ್ದಲ್ಲ, ಇದರಲ್ಲಿ ತುಂಬಾ ಜನ ಎಡವ್ತಾರೆ. ಬೇರೆ ಗುರುತು ಹುಡುಕಿ. ಬಾರ್‌ಕೋಡ್ ಅಂಗಡಿಯಲ್ಲಿ ಮೊದಲು ಬಳಕೆಗೆ ಬಂದಿದ್ದು 1974ರಲ್ಲಿ, ಅದಿದ್ರೆ ಅಲ್ಲಿಗೆ ಮಾತು ಮುಗೀತು. ವಿಳಾಸದಲ್ಲಿ ಆರಂಕಿ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15ರಿಂದ ಈಚೆಯದ್ದು. ಸಿಲೋನ್ ಹೋಗಿ ಶ್ರೀಲಂಕಾ ಆಗಿದ್ದೂ 1972ರಲ್ಲೇ, ಆದ್ರೆ ಸಿಲೋನ್ ಟೀ ಅಂತ ಇವತ್ತಿಗೂ ಬರೀತಾರೆ, ಹಾಗಾಗಿ ಶ್ರೀಲಂಕಾ ಅಂತಿದ್ರೆ ಹೊಸದು ಅನ್ನಬಹುದು, ಸಿಲೋನ್ ಅಂತಿದ್ರೆ ಹಳೇದು ಅನ್ನೋಕಾಗಲ್ಲ. ಭಾರತದ ಡಬ್ಬಿಯಲ್ಲಿ ತೂಕ ಪೌಂಡು, ಔನ್ಸಲ್ಲಿ ಮಾತ್ರ ಇದ್ದು ಗ್ರಾಂ ಇಲ್ಲಾಂದ್ರೆ ಅದು ಬಹುತೇಕ 1960ರ ದಶಕಕ್ಕಿಂತ ಹಿಂದಿನದ್ದು, 1956ರ ಕಾನೂನಿನ ಮೇಲೆ ಹಂತಹಂತವಾಗಿ ಮೆಟ್ರಿಕ್ ಬಂತು. ಎಂಆರ್‌ಪಿ ಅಂತ ಕಂಡ್ರೆ ಅದು ಇತ್ತೀಚಿನ ದಶಕಗಳ ಮಾಲು.

ಬೆಲೆ ಅನ್ನೋದು

ಹಳೇದು ಅಂದ ತಕ್ಷಣ ಬೆಲೆ ಬರಲ್ಲ, ಇದಕ್ಕೆ ಎಂಟನೇ ಎಡ್ವರ್ಡ್ ಡಬ್ಬಿಗಿಂತ ಒಳ್ಳೇ ಉದಾಹರಣೆ ಇಲ್ಲ. ಅವನು 1936ರ ಜನವರಿಯಲ್ಲಿ ರಾಜ ಆದ, ಪಟ್ಟಾಭಿಷೇಕ 1937ರ ಮೇ 12ಕ್ಕೆ ಅಂತ ಗೊತ್ತಾಯ್ತು, ಕಂಪನಿಗಳು ಅವನ ಮುಖ ಹಾಕಿ ಡಬ್ಬಿ ಮಾಡಿಟ್ವು. 1936ರ ಡಿಸೆಂಬರ್ 11ಕ್ಕೆ ಅವನು ಪಟ್ಟ ಬಿಟ್ಟು ಹೋದ. ಅದೇ ಮೇ 12ಕ್ಕೆ ಪಟ್ಟ ಏರಿದ್ದು ತಮ್ಮ ಆರನೇ ಜಾರ್ಜ್. ನಡೆಯದೇ ಇದ್ದ ಪಟ್ಟಾಭಿಷೇಕದ ಡಬ್ಬಿ, ಎಷ್ಟು ಅಪರೂಪ ಇರಬೇಕು ಅನ್ಸುತ್ತೆ ಅಲ್ವಾ? ಆದ್ರೆ ಅಷ್ಟರಲ್ಲಿ ಭಾರೀ ಸಂಖ್ಯೆಯಲ್ಲಿ ಮಾಡಿ ಆಗಿತ್ತು, ಜನ ಕುತೂಹಲಕ್ಕೆ ಜೋಪಾನ ಮಾಡಿಟ್ರು, ಅದಕ್ಕೇ ಅವು ಈಗಲೂ ಸುಲಭವಾಗಿ ಸಿಗ್ತವೆ.

ಸಂಗ್ರಾಹಕರು ಮೊದಲು ನೋಡೋದು ಚಿತ್ರದ ಸ್ಥಿತಿ. ಬಣ್ಣ ಉಳಿದಿದೆಯಾ, ಗೀರು ಮುಖದ ಮೇಲಿದೆಯಾ ಹಿಂಭಾಗದಲ್ಲಿದೆಯಾ, ಮುಚ್ಚಳ ಅದೇ ಡಬ್ಬಿದಾ ಬೇರೆಯದ್ದಾ, ಯಾರಾದ್ರೂ ಮೇಲೆ ಹೊಸ ಬಣ್ಣ ಹಚ್ಚಿದ್ದಾರಾ. ನೆಗ್ಗಿದ್ರೆ ಸಹಿಸ್ಕೋತಾರೆ, ಹೊಸ ಬಣ್ಣ ಹಚ್ಚಿದ್ರೆ ಸಹಿಸಲ್ಲ. ಮುಂಬೈ ಚೋರ್ ಬಜಾರಲ್ಲಾಗ್ಲಿ, ಬೆಂಗಳೂರಿನ ಸಂಡೇ ಬಜಾರಲ್ಲಾಗ್ಲಿ ಕೊಳ್ಳೋವಾಗ ಮುಚ್ಚಳ ತೆಗೆದು ಒಳಗೆ ನೋಡೋದು ಮರೀಬೇಡಿ, ಹೊರಗೆ ಪಾಲಿಶ್ ಮಾಡಿದವರೂ ಒಳಗಿನ ಬೆಸುಗೆ ಗೆರೆ, ತುಕ್ಕು ಮುಟ್ಟಿರಲ್ಲ. ಆನ್‌ಲೈನಲ್ಲಿ ಕಾಣೋ ಬೆಲೆ ಕೇಳ್ತಿರೋ ಬೆಲೆ ಅಷ್ಟೇ, ನಿಜವಾಗಿ ಮಾರಾಟ ಆದ ಬೆಲೆ ಬೇರೆ.

ಹುಣಸೆಹಣ್ಣು ಬೇಡ

ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟ ಬಕೆಟ್ಟಿಗೆ ಗೀರು ಬಿದ್ರೆ ಸತು ಮೊದಲು ಕರಗಿ ಕಬ್ಬಿಣವನ್ನ ಉಳಿಸುತ್ತೆ. ತವರ ಉಲ್ಟಾ. ಲೇಪ ಪೂರ್ತಿ ಇರೋವರೆಗೂ ಗಟ್ಟಿ ಕಾವಲು, ಒಂದು ಕಡೆ ಗೀರಿ ಕಬ್ಬಿಣ ಹೊರಗೆ ಬಂದು ಅಲ್ಲಿ ತೇವ ನಿಂತ್ರೆ ತವರ ಹಾಗೇ ಉಳಿದು ಕಬ್ಬಿಣವೇ ತುಕ್ಕಾಗುತ್ತೆ, ಬರೀ ಕಬ್ಬಿಣಕ್ಕಿಂತಲೂ ಬೇಗ. ತುಕ್ಕು ಬಣ್ಣದ ಅಡಿಯಲ್ಲಿ ಹಬ್ಬಿ ಚಿತ್ರವನ್ನ ಕೆಳಗಿಂದ ಎಬ್ಬಿಸುತ್ತೆ. ಸ್ಕ್ರಬ್ಬರಿನ ಒಂದೊಂದು ಗೀರೂ ಅದಕ್ಕೆ ಹೊಸ ಬಾಗಿಲು.

ನಮ್ಮ ಮನೆಗಳಲ್ಲಿ ಹಿತ್ತಾಳೆ ತಾಮ್ರ ಅಂದ್ರೆ ಹುಣಸೆಹಣ್ಣು ಹಚ್ಚಿ ಬೆಳಗೋದು ರೂಢಿ, ಅದನ್ನ ಇದಕ್ಕೆ ಮಾಡಬೇಡಿ, ಹುಳಿ ಬಣ್ಣವನ್ನೂ ತಿನ್ನುತ್ತೆ ಲೇಪವನ್ನೂ ತಿನ್ನುತ್ತೆ. ನೀರಲ್ಲಿ ಮುಳುಗಿಸಬೇಡಿ, ತಗಡು ಮಡಚಿದ ಜಾಗದೊಳಗೆ ನೀರು ಹೋದ್ರೆ ವಾರ ಆದ್ರೂ ಒಣಗಲ್ಲ. ಒಣ ಮೆತ್ತನೆ ಬ್ರಷ್ಷಲ್ಲಿ ಧೂಳು ತೆಗೀರಿ, ಜಿಡ್ಡಿದ್ರೆ ಹತ್ತಿಯನ್ನ ತುಸುವೇ ಒದ್ದೆ ಮಾಡಿ ಮೊದಲು ತಳದ ಹತ್ರ ಒಂದು ಮೂಲೆಯಲ್ಲಿ ಒರೆಸಿ ನೋಡಿ, ಹತ್ತಿಗೆ ಬಣ್ಣ ಹತ್ತಿದ್ರೆ ಅಲ್ಲೇ ನಿಲ್ಲಿಸಿ. ಚಿನ್ನದ ಬಣ್ಣದ ಗೆರೆ ಇರೋ ಕಡೆ ಇನ್ನೂ ಹುಷಾರಾಗಿರಿ. ಮ್ಯೂಸಿಯಂನವರು ಬಳಸೋ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತೆಳ್ಳಗೆ ಹಚ್ಚಿದ್ರೆ ತೇವ ತಾಗಲ್ಲ. ಬಿಸಿಲು ಬೀಳೋ ಕಿಟಕಿ ಹತ್ರ ಬೇಡ, ಬಣ್ಣ ಕಂದುತ್ತೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಡಬ್ಬಿಯೊಳಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಜೆಲ್ ನೀರು ಹೀರಿ ತುಂಬಿದ್ಮೇಲೆ ಬದಲಾಯಿಸಬೇಕು.

ಒಳಗೆ ಟೀ ಪುಡಿ ಹಾಕಿಡಬಹುದಾ

ಬೇಡ. ಆ ಕಾಲದ ಬೆಸುಗೆಯಲ್ಲಿ ಸೀಸ ಇರ್ತಿತ್ತು, ಹಳದಿ ಬಣ್ಣಕ್ಕೆ ಸೀಸದ ಕ್ರೋಮೇಟ್ ಬಳಕೆಯಲ್ಲಿತ್ತು. ಒಳಗಿನ ತವರ ಸವೆದಿರುತ್ತೆ, ತುಕ್ಕಿನ ಪುಡಿ ಉದುರುತ್ತೆ. ಅದೇ ಕಾರಣಕ್ಕೆ ಬಣ್ಣ ಎದ್ದಿರೋ ಡಬ್ಬಿಯನ್ನ ಮಕ್ಕಳಿಗೆ ಆಟಕ್ಕೆ ಕೊಡಬೇಡಿ, ಮರಳು ಕಾಗದದಲ್ಲಿ ಉಜ್ಜೋದಂತೂ ಬೇಡವೇ ಬೇಡ, ಆ ಧೂಳು ನೇರ ಶ್ವಾಸಕ್ಕೆ ಹೋಗುತ್ತೆ. ಗುಂಡಿ, ಹಳೇ ನಾಣ್ಯ, ಪತ್ರ ಇಡೋಕೆ ಅಡ್ಡಿಯಿಲ್ಲ. ಯಾರಿಗಾದ್ರೂ ತೋರಿಸಿ ವಿಚಾರಿಸಬೇಕು ಅಂದ್ರೆ ಮುಂಭಾಗದ ಫೋಟೋ ಒಂದೇ ಆದ್ರೆ ಸಾಲದು, ತಳ, ಮುಚ್ಚಳದ ಒಳಭಾಗ, ಬದಿಯ ಜೋಡಣೆ, ಮತ್ತೆ ಮುಖವನ್ನ ತೀರಾ ಹತ್ತಿರದಿಂದ ಚುಕ್ಕೆ ಕಾಣೋ ಹಾಗೆ ತೆಗೆದು ಕಳಿಸಿ, ಜೊತೆಗೆ ಯಾವ ಊರಿನ ಯಾವ ಮನೇಲಿತ್ತು, ಯಾರು ತಂದಿದ್ರು ಅನ್ನೋದು ಮನೆಯ ಹಿರಿಯರಿಗೆ ನೆನಪಿದ್ರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೇ ಇಟ್ಟುಬಿಡಿ.